ಮಂಗಳವಾರದ ರೊಟ್ಟಿ ಒಗ್ಗರಣೆ

ಭಾನುವಾರ ಜೋಳದ ರೊಟ್ಟಿ ಬಡಿಯುವಾಗ ಬೇಕಂತಲೇ ಆರು ಜಾಸ್ತಿ ಬಡಿಯುತ್ತೇನೆ. ಮಂಗಳವಾರ ಬೆಳಿಗ್ಗೆ ಅವೇ ನಮ್ಮ ನಾಷ್ಟಾ. ಅಷ್ಟೊತ್ತಿಗೆ ಗರಿಗರಿಯಾಗಿ ಒಣಗಿರುತ್ತವೆ. ಕೈಯಲ್ಲಿ ಮುರಿದು, ನೀರು ಚಿಮುಕಿಸಿ ಐದು ನಿಮಿಷ ಮುಚ್ಚಿಡಬೇಕು. ನೀರು ಜಾಸ್ತಿಯಾದರೆ ಮುದ್ದೆಯಾಗುತ್ತದೆ, ಹುಷಾರು. ಆಮೇಲೆ ಸಾಸಿವೆ, ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ. ಮೇಲೆ ಒಂದು ಹಿಡಿ ಶೇಂಗಾ ಪುಡಿ. ಆ ಘಮಕ್ಕೆ ಮಕ್ಕಳು ತಾವೇ ಎದ್ದು ಬರುತ್ತಾರೆ!

ಅನ್ನದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನಮ್ಮ ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಲ್ವಾ? ಹೊರಗೇ ಬಿಟ್ಟ ಅನ್ನದಲ್ಲಿ ಬ್ಯಾಕ್ಟೀರಿಯಾ ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಒಂದು ಗಂಟೆಯೊಳಗೆ ತಟ್ಟೆಯಲ್ಲಿ ಹರವಿ, ಆರಿಸಿ, ಫ್ರಿಜ್‌ಗೆ ಸೇರಿಸುತ್ತೇನೆ. ಮರುದಿನ ಚಿತ್ರಾನ್ನ. ಒಂದು ಅಗುಳೂ ಚೆಲ್ಲಲು ಮನಸ್ಸು ಬರುವುದಿಲ್ಲ. ಅಪ್ಪ ತುಂಗಭದ್ರಾ ಕಾಲುವೆ ನೀರಿಗೆ ರಾತ್ರಿಯಿಡೀ ಕಾದು ಬೆಳೆದ ಸೋನಾ ಮಸೂರಿ ಅದು.