ಬಟಾಣಿ ಬೇಳೆ ಮೊದಲು, ಸಾಸೇಜ್ ಆಮೇಲೆ

ಒಡೆದ ಬಟಾಣಿ ಬೇಳೆಯ ಸೂಪ್ ಮಾಡಲು ಹೊರಟವರು ಸಾಮಾನ್ಯವಾಗಿ ಸಾಸೇಜಿನ ಬಗ್ಗೆಯೇ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಯಾವುದು ಒಳ್ಳೆಯದು, ಎಲ್ಲಿ ಸಿಗುತ್ತದೆ, ಹೊಗೆ ಹಿಡಿಸಿದ್ದೋ ಹಸಿಯದೋ ಎಂದೆಲ್ಲ ವಿಚಾರಿಸಿ ತಂದು, ಆಮೇಲೆ ಬೇಳೆಯನ್ನು ಮಾತ್ರ ಗಡಿಬಿಡಿಯಲ್ಲಿ ತೊಳೆದು, ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಸುರಿದು ಸೀಟಿ ಎಣಿಸಲು ಕೂರುತ್ತಾರೆ. ನನ್ನ ಮಟ್ಟಿಗೆ ಈ ಸೂಪಿನ ಮುಕ್ಕಾಲು ಪಾಲು ಬೇಳೆಯ ಕೆಲಸ. ಬೇಳೆ ಪೂರ್ತಿ ಬೆಂದು, ಯಾರೂ ಕಡೆಯದೆ ತಾನಾಗಿ ಕರಗಿ, ಸೌಟಿನಿಂದ ಎತ್ತಿ ಬಿಟ್ಟಾಗ ಧಾರೆ ಕಡಿಯದೆ ಇಳಿಯುವಂತಾದ ಮೇಲೆಯೇ ಸಾಸೇಜಿಗೆ ಆ ಪಾತ್ರೆಯಲ್ಲಿ ಜಾಗ. ಮಂಗಳೂರಿನಲ್ಲಿ ಸುಲಭವಾಗಿ ಕೈಗೆ ಸಿಗುವ ಗೋವಾ ಸಾಸೇಜನ್ನು ಬಳಸುವುದಾದರಂತೂ ಈ ಕ್ರಮವನ್ನು ಬಿಡುವ ಹಾಗೆಯೇ ಇಲ್ಲ.

ಇದು ಮೂಲತಃ ಉತ್ತರ ಯುರೋಪಿನ ಚಳಿಗಾಲದ ಊಟ. ನೆದರ್ಲೆಂಡ್ಸಿನವರು ಸ್ನೆರ್ಟ್ ಎಂದು ಕರೆಯುವ ಸೂಪಿನಲ್ಲಿ ಹಸಿರು ಬೇಳೆ, ಹಂದಿಯ ಎಲುಬು, ನೀರುಳ್ಳಿ ಜಾತಿಯ ಲೀಕ್ ಮತ್ತು ಸೆಲರಿಯ ಗಡ್ಡೆ ಇರುತ್ತವೆ. ರೂಕ್‌ವರ್ಸ್ಟ್ ಎಂಬ ಹೊಗೆಯ ವಾಸನೆಯ ಸಾಸೇಜನ್ನು ಬಿಲ್ಲೆಗಳಾಗಿ ಕತ್ತರಿಸಿ ಕೊನೆಯಲ್ಲಿ ಸೇರಿಸುತ್ತಾರೆ. ಚಮಚವನ್ನು ನೆಟ್ಟರೆ ಅದು ಬೀಳದೆ ನಿಲ್ಲಬೇಕು ಎಂಬುದು ಅಲ್ಲಿಯವರು ಹದಕ್ಕೆ ಹೇಳುವ ಲೆಕ್ಕ. ಸ್ವೀಡನ್ನಿನಲ್ಲಿ ಹಳದಿ ಬಟಾಣಿಯ ಸೂಪನ್ನು ಸಾಸಿವೆಯ ಗೊಜ್ಜಿನೊಂದಿಗೆ ಗುರುವಾರದಂದು ತಿಂದು, ಹಿಂದೆಯೇ ಪ್ಯಾನ್‌ಕೇಕ್ ತಿನ್ನುವ ರೂಢಿ ಇಂದಿಗೂ ಇದೆ. ಜರ್ಮನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1867ರಲ್ಲಿ ಬಟಾಣಿ ಹಿಟ್ಟು, ಹಂದಿಯ ಕೊಬ್ಬು ಮತ್ತು ನೀರುಳ್ಳಿಯನ್ನು ಒಟ್ಟಿಗೆ ಒತ್ತಿ ಸಾಸೇಜಿನ ಆಕಾರಕ್ಕೇ ತಂದರು. ಒಂದು ತುಂಡು ಮುರಿದು ಬಿಸಿನೀರಿಗೆ ಹಾಕಿದರೆ ಸೂಪ್ ಸಿದ್ಧ. 1870ರ ಫ್ರಾನ್ಸ್ ಯುದ್ಧದಲ್ಲಿ ಸೈನಿಕರ ಚೀಲದಲ್ಲಿದ್ದ ಈ ಪದಾರ್ಥ 2018ರವರೆಗೂ ಮಾರಾಟದಲ್ಲಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು ನಮಗೆ ಹೆಂಚು, ಮಗ್ಗ, ಅಚ್ಚುಕೂಟ ಎಲ್ಲವನ್ನೂ ಕೊಟ್ಟರು, ಆದರೆ ಈ ಸೂಪ್ ಊರಿನ ಊಟವಾಗಲಿಲ್ಲ. ಊರಿನದಾದದ್ದು ಗೋವಾದ ಕಡೆಯಿಂದ ಬಂದ ಕ್ರೈಸ್ತರ ಜೊತೆ ಬಂದ, ವಿನೆಗರಿನಲ್ಲಿ ನೆನೆಸಿದ ಹಂದಿಮಾಂಸದ ರುಚಿ. ಹಾಗಾಗಿ ನಾನು ಇಲ್ಲಿ ಹೇಳುತ್ತಿರುವ ಸೂಪ್ ಆ ಎರಡು ದಾರಿಗಳು ಒಂದೇ ಒಲೆಯ ಮೇಲೆ ಕೂಡಿದಾಗ ಆಗುವಂಥದ್ದು.

ಬೇಳೆಯನ್ನು ಕೊಳ್ಳುವುದರಿಂದಲೇ ಆರಂಭಿಸಬೇಕು. ಬಂದರಿನ ದಿನಸಿ ಅಂಗಡಿಗಳಲ್ಲಿ ಹಸಿರು, ಹಳದಿ ಎರಡೂ ಬಗೆ ಸಿಗುತ್ತವೆ. ಹಳದಿಯದು ಸ್ವಲ್ಪ ಸಿಹಿ, ಸೌಮ್ಯ; ಹಸಿರಿನದಕ್ಕೆ ಮಣ್ಣಿನ ವಾಸನೆಯ ಒಂದು ಗಾಢತೆ ಇದ್ದು, ಕೊಬ್ಬಿನ ಸಾಸೇಜನ್ನು ಎದುರಿಸಿ ನಿಲ್ಲುವ ಶಕ್ತಿ ಅದಕ್ಕೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಹಳದಿ ಬೇಳೆಯನ್ನು ಕೊಳ್ಳುವಾಗ ಅದು ಕಡಲೆಬೇಳೆಯಲ್ಲ ಎಂಬುದನ್ನು ನೋಡಿಕೊಳ್ಳಬೇಕು: ಕಡಲೆಬೇಳೆಯ ಮೈ ಸುಕ್ಕುಸುಕ್ಕಾಗಿರುತ್ತದೆ, ಬಟಾಣಿ ಬೇಳೆ ನುಣುಪಾಗಿ ಸರಿಯಾಗಿ ಅರ್ಧಗೋಲವಾಗಿರುತ್ತದೆ. ಕಡಲೆಬೇಳೆ ತನ್ನ ಆಕಾರವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ ಅದರಲ್ಲಿ ಈ ಸೂಪ್ ಆಗುವುದಿಲ್ಲ.

ಬೇಳೆಯ ವಯಸ್ಸು ಬಣ್ಣಕ್ಕಿಂತಲೂ ದೊಡ್ಡ ವಿಷಯ. “ಹೊಸ ಸರಕಾ ಅಣ್ಣ?” ಎಂದು ಕೇಳಿದರೆ, “ಈ ವಾರ ಬಂದದ್ದು ಅಕ್ಕ, ಬೇಕಾದ್ರೆ ಮುಟ್ಟಿ ನೋಡಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಂಗಡಿಗೆ ಈ ವಾರ ಬಂದದ್ದು ನಿಜವೇ ಇರಬಹುದು, ಅದಕ್ಕೂ ಮೊದಲು ಗೋದಾಮಿನಲ್ಲಿ ಎಷ್ಟು ಕಾಲ ಬಿದ್ದಿತ್ತು ಎಂಬುದು ಬೇರೆ ಮಾತು. ನಮ್ಮ ದೇಶದಲ್ಲಿ ಮಾರಾಟವಾಗುವ ಹಳದಿ ಬಟಾಣಿಯಲ್ಲಿ ಬಹುಪಾಲು ಕೆನಡಾ, ರಷ್ಯಾಗಳಿಂದ ಹಡಗಿನಲ್ಲಿ ಬರುತ್ತದೆ. ಬೇಳೆಕಾಳುಗಳನ್ನು ಸೆಖೆ ಮತ್ತು ತೇವ ಎರಡೂ ಇರುವ ಕಡೆ ಬಹಳ ಕಾಲ ಇಟ್ಟರೆ ಅವುಗಳ ಒಳಗಿನ ಜೀವಕೋಶಗಳ ಗೋಡೆ ಬಿಗಿಯಾಗಿ, ಆಮೇಲೆ ಎಷ್ಟು ಹೊತ್ತು ಕುದಿಸಿದರೂ ಮೆತ್ತಗಾಗದ ಸ್ಥಿತಿಗೆ ಬರುತ್ತವೆ. ಕರಾವಳಿಯ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ನಮ್ಮ ಅಡಿಗೆಮನೆಯಲ್ಲೇ ಇದು ನಡೆಯುತ್ತದೆ. ಹಾಗಾಗಿ ಇದನ್ನು ಜೂನ್ ಮೊದಲೇ ಕೊಂಡು ಕೂಡಿಡುವ ಬದಲು ಬೇಕೆಂದಾಗ ಅರ್ಧ ಕಿಲೋ ತರುವುದು ಒಳ್ಳೆಯದು. ಅಂಗೈಯಲ್ಲಿ ಹಾಕಿ ನೋಡಿದಾಗ ಬಣ್ಣ ಮಾಸಿ ಬೂದಿಯಾಗಿದ್ದರೆ, ಅಂಚುಗಳು ಪುಡಿಯಾಗಿದ್ದರೆ, ಹುಳು ಕೊರೆದ ಸಣ್ಣ ತೂತುಗಳಿದ್ದರೆ ಅಲ್ಲಿಯೇ ಬಿಟ್ಟು ಬರಬೇಕು.

ನಾಲ್ಕು ಮಂದಿಗೆ 300 ಗ್ರಾಂ ಬೇಳೆ, ಒಂದೂವರೆ ಲೀಟರ್ ನೀರು, 250 ಗ್ರಾಂ ಸಾಸೇಜ್, ಎರಡು ನೀರುಳ್ಳಿ, ಒಂದು ಕ್ಯಾರೆಟ್, ಒಂದು ಸಣ್ಣ ಬಟಾಟೆ, ನಾಲ್ಕು ಎಸಳು ಬೆಳ್ಳುಳ್ಳಿ ಸಾಕಾಗುತ್ತವೆ. ಸಿಪ್ಪೆ ತೆಗೆದು ಒಡೆದ ಬೇಳೆಯಾದ್ದರಿಂದ ರಾತ್ರಿಯಿಡೀ ನೆನೆಹಾಕುವ ಅಗತ್ಯವಿಲ್ಲ, ಒಂದು ಗಂಟೆ ನೆನೆದರೆ ಬೇಗ ಬೇಯುತ್ತದೆ ಅಷ್ಟೆ. ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆಯುವುದು ಮಾತ್ರ ಅಗತ್ಯ. ಹಂದಿಮಾಂಸದ ಅಂಗಡಿಯಲ್ಲಿ ಕೇಳಿದರೆ ಕಾಲಿನ ಎಲುಬಿನ ತುಂಡೊಂದನ್ನು ಕೊಡುತ್ತಾರೆ. ಅದನ್ನು ಬೇಳೆಯ ಜೊತೆಗೇ ಹಾಕಿದರೆ ಸೂಪಿಗೆ ಮೈ ಬರುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ಬೇಳೆ ಕುದಿಯತೊಡಗಿದಾಗ ಮೊದಲ ಹತ್ತು ನಿಮಿಷ ಬಿಳಿ ನೊರೆ ಉಕ್ಕುತ್ತಲೇ ಇರುತ್ತದೆ. ಅದನ್ನು ಸೌಟಿನಿಂದ ತೆಗೆದು ಹಾಕಿ, ಉರಿಯನ್ನು ತಗ್ಗಿಸಿ, ಮುಚ್ಚಳವನ್ನು ಓರೆಯಾಗಿ ಇಡಬೇಕು. ಇಪ್ಪತ್ತು ನಿಮಿಷಗಳ ಹೊತ್ತಿಗೆ ಬೇಳೆ ಉಬ್ಬಿರುತ್ತದೆ, ಆದರೆ ಬೆರಳುಗಳ ನಡುವೆ ಹಿಸುಕಿದರೆ ನಡುವಿನಲ್ಲಿ ಬಿಳಿಯ ಗಟ್ಟಿ ಚುಕ್ಕೆಯೊಂದು ಸಿಗುತ್ತದೆ. ಅರ್ಧ ಗಂಟೆ ದಾಟಿದ ಮೇಲೆ ಅಂಚುಗಳು ಮಸುಕಾಗಿ, ನೀರು ಹಸಿರುಹಸಿರಾಗಿ ಮಂದವಾಗತೊಡಗುತ್ತದೆ. ಸುಮಾರು ಒಂದು ಗಂಟೆಯ ಹೊತ್ತಿಗೆ ಕಾಳು ಯಾವುದು, ನೀರು ಯಾವುದು ಎಂಬ ಗುರುತು ಹೋಗಿರುತ್ತದೆ. ಕುದಿಯುವ ಸದ್ದೂ ಬದಲಾಗಿ, ಗುಳ್ಳೆಗಳು ನಿಧಾನವಾಗಿ ಎದ್ದು “ಪೊಳಕ್” ಎಂದು ಒಡೆಯುತ್ತವೆ. ಈ ಹಂತದಲ್ಲಿ ಪಾತ್ರೆಯ ಪಕ್ಕದಿಂದ ಕದಲಬಾರದು, ಏಕೆಂದರೆ ಮಂದವಾದ ಬೇಳೆ ತಳ ಹಿಡಿಯಲು ಎರಡು ನಿಮಿಷ ಸಾಕು, ಮತ್ತು ಸೀದ ವಾಸನೆಯನ್ನು ಯಾವ ಸಾಸೇಜೂ ಮುಚ್ಚಲಾರದು.

ಕುಕ್ಕರಿನಲ್ಲಿ ಮಾಡಲು ಅಡ್ಡಿಯಿಲ್ಲ, ಆದರೆ ಎಚ್ಚರ ಬೇಕು. ಬಟಾಣಿ ಬೇಳೆಯ ನೊರೆ ಮೇಲೇರಿ ಹಬೆ ಹೋಗುವ ರಂಧ್ರವನ್ನು ಕಟ್ಟಿಬಿಡಬಲ್ಲದು. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸದೆ, ಮುಚ್ಚಳವಿಲ್ಲದೆ ಒಂದು ಕುದಿ ಕುದಿಸಿ ನೊರೆ ತೆಗೆದು, ಒಂದು ಚಮಚ ಎಣ್ಣೆ ಹಾಕಿ ಮುಚ್ಚಿದರೆ ತೊಂದರೆಯಾಗದು. ನಾಲ್ಕು ಸೀಟಿಯ ನಂತರ ಹಬೆ ತಾನಾಗಿ ಇಳಿಯಲು ಬಿಡಬೇಕು.

ಈಗ ಗೋವಾ ಸಾಸೇಜಿನ ವಿಷಯ. ಹಂದಿಮಾಂಸ ಮತ್ತು ಕೊಬ್ಬಿನ ತುಂಡುಗಳನ್ನು ಉಪ್ಪು, ಒಣಮೆಣಸು, ಬೆಳ್ಳುಳ್ಳಿ, ವಿನೆಗರುಗಳಲ್ಲಿ ಹದಗೊಳಿಸಿ, ಕರುಳಿನ ಚರ್ಮಕ್ಕೆ ತುಂಬಿ ಒಣಗಿಸಿದ ಈ ಕೆಂಪು ಮಣಿಮಾಲೆಯನ್ನು ನಮ್ಮಲ್ಲಿ ಕೋಲ್ಡ್ ಸ್ಟೋರೇಜ್ ಎಂದು ಕರೆಯುವ ಅಂಗಡಿಗಳಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುತ್ತದೆ. ಇದರ ಹುಳಿಯೇ ಇದರ ಸೊಗಸು, ಬೇಳೆಗೆ ಮಾತ್ರ ಆ ಹುಳಿಯೇ ಶತ್ರು. ತೊಗರಿಬೇಳೆ ಬೇಯುವ ಮೊದಲೇ ಹುಣಸೆಹುಳಿ ಹಿಂಡಬಾರದು ಎಂಬುದು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಇಲ್ಲಿಯೂ ನಡೆಯುವುದು ಅದೇ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ಪದಾರ್ಥ ಬಿಸಿನೀರಿನಲ್ಲಿ ಕರಗಿದರೆ ಬೇಳೆ ಬೇಯುತ್ತದೆ, ಹುಳಿ ಇದ್ದಾಗ ಅದು ಕರಗದೆ ಗಟ್ಟಿಯಾಗಿ ಉಳಿಯುತ್ತದೆ. ವಿನೆಗರಿನ ಸಾಸೇಜನ್ನು ಆರಂಭದಲ್ಲೇ ಹಾಕಿದರೆ ಎರಡು ಗಂಟೆ ಕಳೆದರೂ ಕಾಳು ಕಾಳಾಗಿಯೇ ಇರುತ್ತದೆ, ಮಾಂಸ ಮಾತ್ರ ನಾರಾಗಿ ಹೋಗಿರುತ್ತದೆ. ಟೊಮೆಟೊ ಹಾಕುವ ಆಸೆಯಿದ್ದವರಿಗೂ ಇದೇ ಮಾತು ಅನ್ವಯಿಸುತ್ತದೆ, ಅದರ ಅಗತ್ಯವೇ ಇಲ್ಲ ಎಂಬುದು ಬೇರೆ ಸಂಗತಿ.

ಅದಕ್ಕಾಗಿ ಸಾಸೇಜಿಗೆ ಬೇರೆ ಬಾಣಲೆ. ಚರ್ಮ ಸೀಳಿ ಒಳಗಿನ ಮಾಂಸವನ್ನು ಬಿಡಿಸಿ, ಎಣ್ಣೆ ಹಾಕದೆ ಅರ್ಧ ಲೋಟ ನೀರಿನೊಂದಿಗೆ ಸಣ್ಣ ಉರಿಯಲ್ಲಿ ಇಡಬೇಕು. ನೀರು ಆರುವ ಹೊತ್ತಿಗೆ ಮಾಂಸ ಬೆಂದು, ಕೊಬ್ಬು ಕರಗಿ, ಬಾಣಲೆಯಲ್ಲಿ ಕೆಂಪು ಎಣ್ಣೆ ನಿಂತಿರುತ್ತದೆ. ಮಾಂಸವನ್ನು ಬದಿಗೆ ಸರಿಸಿ ಅದೇ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ನೀರುಳ್ಳಿಯನ್ನು ಕಂದುಬಣ್ಣಕ್ಕೆ ತಿರುಗುವವರೆಗೆ ಬಾಡಿಸಿ, ಬೇಳೆ ಕರಗಿದ ಮೇಲೆ ಎಲ್ಲವನ್ನೂ ಅದಕ್ಕೆ ಸುರಿಯಬೇಕು. ಬಾಣಲೆಯ ತಳಕ್ಕೆ ಹಿಡಿದಿರುವ ಕಂದು ಅಂಶವನ್ನು ಒಂದು ಸೌಟು ಬಿಸಿನೀರಿನಲ್ಲಿ ಕೆರೆದು ಅದನ್ನೂ ಸೇರಿಸದೆ ಬಿಡಬಾರದು, ರುಚಿಯೆಲ್ಲ ಅಲ್ಲಿದೆ. ಇನ್ನು ಹತ್ತು ನಿಮಿಷ ಒಟ್ಟಿಗೆ ಕುದಿದರೆ ಸಾಕು. ಹುಳಿ ಸೇರಿದ ಕೂಡಲೇ ಬೇಳೆಯ ಹಸಿರು ಇನ್ನಷ್ಟು ಮಂಕಾಗಿ ಒಣ ಎಲೆಯ ಬಣ್ಣಕ್ಕೆ ತಿರುಗುತ್ತದೆ. ಅದು ಹಾಳಾದದ್ದಲ್ಲ, ಪತ್ರಹರಿತ್ತಿನ ಸ್ವಭಾವ. ಬಣ್ಣ ಉಳಿಸಿಕೊಳ್ಳಲು ಚಿಟಿಕೆ ಸೋಡಾ ಹಾಕುವವರಿದ್ದಾರೆ. ಅದರಿಂದ ಬಣ್ಣ ಉಳಿಯುವುದು, ಬೇಳೆ ಬೇಗ ಬೇಯುವುದು ಎರಡೂ ನಿಜ, ಆದರೆ ಸಾಬೂನಿನಂಥ ರುಚಿಯೂ ಬರುತ್ತದೆ, ಬಿ1 ಜೀವಸತ್ವವೂ ನಾಶವಾಗುತ್ತದೆ.

ಖಾರ, ಹುಳಿ ಬೇಡ, ಹೊಗೆಯ ವಾಸನೆಯೇ ಬೇಕು ಎನ್ನುವವರು ಬೇಯಿಸಿ ಹೊಗೆ ಹಿಡಿಸಿದ ಹಂದಿಮಾಂಸದ ಸಾಸೇಜ್ ತರಬಹುದು. ಅದನ್ನು ಓರೆಯಾಗಿ ಬಿಲ್ಲೆ ಕತ್ತರಿಸಿ, ಎರಡೂ ಬದಿ ಕೆಂಪಗೆ ಹುರಿದು, ಕೊನೆಯ ಐದು ನಿಮಿಷದಲ್ಲಿ ಸೇರಿಸಿದರಾಯಿತು. ಹಸಿ ಸಾಸೇಜಾದರೆ ಇಡಿಯಾಗಿಯೇ ಸಣ್ಣ ಉರಿಯಲ್ಲಿ ನಡುಭಾಗ ಪೂರ್ತಿ ಬೇಯುವವರೆಗೆ, ಅಂದರೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಿ ಆಮೇಲೆ ಕತ್ತರಿಸಬೇಕು. ಕೋಳಿಯ ಸಾಸೇಜ್ ನನಗೆ ಈ ಸೂಪಿನಲ್ಲಿ ರುಚಿಸುವುದಿಲ್ಲ. ಬೇಳೆಗೆ ಕೊಡುವಷ್ಟು ಕೊಬ್ಬು ಅದರಲ್ಲಿಲ್ಲ. ಮಾಂಸ ತಿನ್ನದ ಉಡುಪಿ ಕಡೆಯ ಗೆಳತಿಯರಿಗಾಗಿ ಪೇಟೆಯ ಬಿಳಿ ಅಣಬೆಯನ್ನು ಬೆಣ್ಣೆಯಲ್ಲಿ ಕಪ್ಪಗೆ ಹುರಿದು ಹಾಕುವುದಿದೆ, ಚೆನ್ನಾಗಿಯೇ ಆಗುತ್ತದೆ. ಮೊದಲ ಮಳೆಗೆ ಬರುವ ಕಲ್ಲಣಬೆಯನ್ನು ಮಾತ್ರ ಇದಕ್ಕೆ ಹಾಕಬಾರದು, ಅದಕ್ಕೆ ಅದರದೇ ಆದ ಗಸಿ ಇದೆ.

ತರಕಾರಿಗಳನ್ನು ಬೇಳೆ ಅರ್ಧ ಬೆಂದಾಗ ಹಾಕಿದರೆ ಸಾಕು. ಮಸಾಲೆಯ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು: ಕೊತ್ತಂಬರಿ, ಜೀರಿಗೆ, ಮಂಗಳೂರು ಕ್ರೈಸ್ತರ ಮಸಾಲೆಯಾದ ಬಫಾತ್ ಪುಡಿ ಯಾವುದು ಬಿದ್ದರೂ ಅದು ಸೂಪಾಗಿ ಉಳಿಯದೆ ಬೇಳೆಸಾರಾಗುತ್ತದೆ. ಕುಟ್ಟಿದ ಒಳ್ಳೆಮೆಣಸು ಮತ್ತು ಥೈಮ್ ಎಂಬ ಸೊಪ್ಪು ಸಾಕು. ಥೈಮ್ ಸಿಗದಿದ್ದರೆ ಹಿತ್ತಿಲಿನ ದೊಡ್ಡಪತ್ರೆಯ ಒಂದೇ ಒಂದು ಎಲೆ ಹಾಕಿ, ಐದು ನಿಮಿಷದಲ್ಲಿ ತೆಗೆದುಬಿಡಬಹುದು, ಎರಡರ ಪರಿಮಳವೂ ಒಂದೇ ಕುಲದ್ದು. ಸಾಸೇಜಿನಲ್ಲಿ ಸಾಕಷ್ಟು ಉಪ್ಪಿರುವುದರಿಂದ ಉಪ್ಪನ್ನು ಕಟ್ಟಕಡೆಗೆ, ರುಚಿ ನೋಡಿದ ಮೇಲೆ ಹಾಕಬೇಕು.

ಬಡಿಸುವಾಗ ಸೂಪ್ ಉದ್ದಿನ ದೋಸೆಯ ಹಿಟ್ಟಿನಷ್ಟು ಮಂದವಿದ್ದರೆ ಸರಿ, ಏಕೆಂದರೆ ತಟ್ಟೆಯಲ್ಲಿ ಆರುತ್ತಾ ಅದು ಇನ್ನೂ ಗಟ್ಟಿಯಾಗುತ್ತದೆ. ಜೊತೆಗೆ ಬೇಕರಿಯಿಂದ ಅಂದೇ ತಂದ, ಹೊರಗೆ ಗರಿಯಾದ ಪಾವ್ ಇದ್ದರೆ ಬೇರೇನೂ ಬೇಡ. ಇಡ್ಲಿಯಂಥ ಸಣ್ಣಾಂ ಜೊತೆ ತಿನ್ನುವವರೂ ಇದ್ದಾರೆ, ನನಗೆ ಅದು ಮೆದುವಿಗೆ ಮೆದು ಸೇರಿಸಿದಂತೆ ಕಾಣುತ್ತದೆ. ಒಣ ಬೇಳೆಯ ತೂಕದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಪ್ರೋಟೀನೇ ಇರುವುದರಿಂದ ಎರಡು ಸೌಟಿಗೆ ಹೊಟ್ಟೆ ತುಂಬುತ್ತದೆ, ಆಟಿ ತಿಂಗಳ ಮಳೆಯಲ್ಲಿ ಮಧ್ಯಾಹ್ನದ ಊಟಕ್ಕೆ ಇಷ್ಟೇ ಸಾಕು. ಮಿಕ್ಕಿದ್ದನ್ನು ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಚಾಕುವಿನಿಂದ ಕತ್ತರಿಸುವಷ್ಟು ಗಟ್ಟಿಯಾಗಿರುತ್ತದೆ. ಅದಕ್ಕೆ ತಣ್ಣೀರು ಹಾಕಬಾರದು; ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಮರದ ಸೌಟಿನಿಂದ ತಳ ಮುಟ್ಟಿ ತಿರುವುತ್ತಾ ಒಂದು ಕುದಿ ಬರಿಸಿದರೆ ಮೊದಲ ದಿನಕ್ಕಿಂತ ರುಚಿಯಾಗಿರುತ್ತದೆ.