ಪೆಟ್ರಿ ತಟ್ಟೆಯಲ್ಲಿ ಕೋಶ ಸತ್ತರೆ ಔಷಧ ಸಿಕ್ಕಂತಲ್ಲ

ಯಾವುದೋ ಗಿಡದ ಎಲೆಯ ಸಾರ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿತು ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಕೊಂದಿದ್ದು ನಿಜವೇ ಇರಬಹುದು. ಗಟ್ಟಿ ಉಪ್ಪುನೀರು ಹಾಕಿದರೂ ಕೋಶ ಸಾಯುತ್ತದೆ. ಕೇಳಬೇಕಾದ್ದು ಎಷ್ಟು ಸಾರಕ್ಕೆ ಸತ್ತವು, ಅದರೊಳಗಿನ ಯಾವ ಅಣುವಿನಿಂದ ಸತ್ತವು, ಆರೋಗ್ಯವಂತ ಕೋಶ ಉಳಿಯಿತೇ ಎಂದು. ಕಚ್ಚಾ ಸಾರವಾದರೆ ಮಿಲಿಲೀಟರಿಗೆ 20–30 ಮೈಕ್ರೊಗ್ರಾಂ ಒಳಗೆ ಕೋಶಗಳ ಬೆಳವಣಿಗೆ ಅರ್ಧಕ್ಕಿಳಿದರೆ ಮಾತ್ರ ಮುಂದುವರಿಯುವುದು ವಾಡಿಕೆ. 500 ಮೈಕ್ರೊಗ್ರಾಂ ಬೇಕಾಯಿತು ಎಂದರೆ ಆ ಸಾರವನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಗಿಡದಿಂದ ಶುರು ಮಾಡುವುದಾದರೆ ಮೊದಲು ಹೂವೋ ಕಾಯಿಯೋ ಇರುವ ಒಂದು ಕೊಂಬೆಯನ್ನು ಒತ್ತಿ ಒಣಗಿಸಿ, ತಜ್ಞರಿಂದ ಗುರುತಿಸಿ, ಒಣಗಿಸಿದ ಗಿಡಗಳ ಸಂಗ್ರಹಾಲಯವಾದ ಹರ್ಬೇರಿಯಮ್ಮಿನಲ್ಲಿ ಇಡಬೇಕು. ಇದನ್ನು ಬಿಟ್ಟರೆ ಮುಂದಿನ ಎಲ್ಲ ಕೆಲಸವೂ ಹೆಸರಿಲ್ಲದ ಗಿಡದ ಮೇಲಿನ ಕೆಲಸ. ಎಲೆಯನ್ನು ನೆರಳಲ್ಲಿ, 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ಒಣಗಿಸಿ ಪುಡಿ ಮಾಡಿ. 100 ಗ್ರಾಂ ಪುಡಿಗೆ ಒಂದು ಲೀಟರ್ ಮೆಥನಾಲ್ ಹಾಕಿ 24 ಗಂಟೆ ನೆನೆಸಿ, ಸೋಸಿ, ಹೊಸ ಮೆಥನಾಲ್ ಹಾಕಿ. ಹೀಗೆ ಮೂರು ಸಲ. ಸೋಸಿದ್ದನ್ನು ಕಡಿಮೆ ಒತ್ತಡದಲ್ಲಿ, ನೀರಿನ ತೊಟ್ಟಿ 40 ಡಿಗ್ರಿ ದಾಟದಂತೆ ಆವಿ ಮಾಡಿ.

ಬಿಸಿಯ ವಿಷಯದಲ್ಲಿ ಇಷ್ಟು ಹಠ ಯಾಕೆಂದರೆ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಔಷಧ ಸಿಕ್ಕಿದ್ದೇ ಬಿಸಿ ತಗ್ಗಿಸಿದ್ದರಿಂದ. ಅದರ ಗಿಡದಿಂದ ಬಿಸಿಮಾಡಿ ತೆಗೆದ ಸಾರಗಳು ಮಲೇರಿಯಾ ವಿರುದ್ಧ ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಕೈಕೊಡುತ್ತಿದ್ದವು. ಆ ಗಿಡವನ್ನು ತಣ್ಣೀರಲ್ಲಿ ನೆನೆಸಿ ಹಿಂಡಬೇಕೆಂದು 4ನೇ ಶತಮಾನದ ಚೀನೀ ವೈದ್ಯ ಗೆ ಹೊಂಗ್ ಬರೆದಿದ್ದನ್ನು ಓದಿ, ಚೀನೀ ವಿಜ್ಞಾನಿ ಟು ಯುಯು ಅವರ ತಂಡ ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರ್ ಎಂಬ ದ್ರಾವಕಕ್ಕೆ ಬದಲಾಯಿಸಿತು. ವಿಷಕಾರಿಯಾದ ಆಮ್ಲೀಯ ಭಾಗವನ್ನು ಬೇರ್ಪಡಿಸಿ, ತಟಸ್ಥ ಭಾಗವನ್ನು ಉಳಿಸಿಕೊಂಡಿತು. 1971ರ ಅಕ್ಟೋಬರಿನಲ್ಲಿ ಇಲಿಗಳ ಮಲೇರಿಯಾ ಪೂರ್ತಿ ಹೋಯಿತು. ಆ ಅಣುವಿನ ಪೆರಾಕ್ಸೈಡ್ ಸೇತುವೆಯೇ (ಎರಡು ಆಮ್ಲಜನಕ ಪರಮಾಣುಗಳ ಕೊಂಡಿ) ಅದರ ಶಕ್ತಿ. ಅದು ಮುರಿದರೆ ಔಷಧವೂ ಮುಗಿಯಿತು.

ಸಾರ ಸಿಕ್ಕ ಮೇಲೆ ಅದನ್ನು ಶೇ. 90ರ ಮೆಥನಾಲಿನಲ್ಲಿ ಕರಗಿಸಿ ಹೆಕ್ಸೇನ್ ಎಂಬ ದ್ರಾವಕದಿಂದ ಕೊಬ್ಬು, ಮೇಣ ತೆಗೆಯಿರಿ. ಮೆಥನಾಲ್ ಆವಿ ಮಾಡಿ, ನೀರು ಸೇರಿಸಿ, ಮೊದಲು ಎಥೈಲ್ ಅಸಿಟೇಟ್, ಆಮೇಲೆ ಬ್ಯುಟನಾಲ್ ದ್ರಾವಕದ ಜೊತೆ ಕುಲುಕಿ, ಕರಗಿದ್ದನ್ನು ಬೇರೆ ಬೇರೆ ಭಾಗಗಳಾಗಿ ತೆಗೆಯಿರಿ. ಸಪೋನಿನ್ (ಸೋಪಿನಂತೆ ನೊರೆ ಬರಿಸುವ ಸಂಯುಕ್ತ) ಇರುವ ಸಾರವನ್ನು ಜೋರಾಗಿ ಕುಲುಕಿದರೆ ನೊರೆಗಟ್ಟಿ ಪದರಗಳು ಬೇರೆಯಾಗುವುದೇ ಇಲ್ಲ. ಪದರಗಳನ್ನು ಬೇರ್ಪಡಿಸುವ ಗಾಜಿನ ಸೆಪರೇಟಿಂಗ್ ಫನಲನ್ನು ನಿಧಾನಕ್ಕೆ ಮೇಲೆ ಕೆಳಗೆ ಮಾಡಿ, ಆಗಲೂ ಆಗದಿದ್ದರೆ ಸೆಂಟ್ರಿಫ್ಯೂಜಿನಲ್ಲಿ ವೇಗವಾಗಿ ತಿರುಗಿಸಿ. ಗಿಡದಲ್ಲಿ ಒಗರು ರುಚಿ ಕೊಡುವ ಟ್ಯಾನಿನ್ನುಗಳು ಕಂಡ ಕಂಡ ಪ್ರೋಟೀನಿಗೆಲ್ಲ ಅಂಟಿಕೊಳ್ಳುವುದರಿಂದ ಯಾವ ಕಿಣ್ವ ಕೊಟ್ಟರೂ ತಡೆದಂತೆ ತೋರಿಸುತ್ತವೆ. ಪಾಲಿಅಮೈಡ್ ಪುಡಿ ತುಂಬಿದ ಕೊಳವೆ, ಅಂದರೆ ಕಾಲಮ್, ಮೂಲಕ ಹಾಯಿಸಿ ಅವನ್ನು ತೆಗೆದ ಮೇಲೂ ಪರಿಣಾಮ ಉಳಿದರೆ ಮಾತ್ರ ನಂಬಿ. ಅರಿಶಿನದ ಕರ್ಕ್ಯುಮಿನ್ ಬಗ್ಗೆಯೂ ಇದೇ ಎಚ್ಚರ: ಬೆಳಕು ಬಿದ್ದರೆ ಅದು ತಾನೇ ಹೊಳೆದು ಅಳತೆ ಕೆಡಿಸುತ್ತದೆ, ಪ್ರೋಟೀನುಗಳಿಗೆ ಸಿಕ್ಕಸಿಕ್ಕಲ್ಲಿ ಅಂಟುತ್ತದೆ, ರಕ್ತದ ಪಿಎಚ್‌ನಷ್ಟಿರುವ ಬಫರಿನಲ್ಲಿ ಅರ್ಧ ಗಂಟೆಯಲ್ಲಿ ಬಹುಪಾಲು ಒಡೆದು ಹೋಗುತ್ತದೆ.

ಬೇರ್ಪಡಿಸುತ್ತಾ ಹೋದಂತೆ ಪರಿಣಾಮ ಮಾಯವಾಗುವುದು ಸಾಮಾನ್ಯ. ಆಗ ಎಲ್ಲ ಭಾಗಗಳನ್ನೂ ಮೂಲ ಪ್ರಮಾಣದಲ್ಲೇ ಮತ್ತೆ ಬೆರೆಸಿ ಪರೀಕ್ಷಿಸಿ. ಪರಿಣಾಮ ಮರಳಿದರೆ ಎರಡು ಮೂರು ಅಣುಗಳು ಸೇರಿ ಕೆಲಸ ಮಾಡುತ್ತಿವೆ. ಮರಳದಿದ್ದರೆ ಅಣು ಬೇರ್ಪಡಿಸಲು ಬಳಸಿದ ಸಿಲಿಕಾ ಕಾಲಮ್ಮಿಗೆ ಅಂಟಿಕೊಂಡಿದೆ, ಇಲ್ಲವೇ ಅದರ ಆಮ್ಲೀಯತೆಗೆ ಒಡೆದಿದೆ.

ಇನ್ನೊಂದು ಮೋಸ ಪ್ಲಾಸ್ಟಿಕ್ಕಿನದು. ಅಣುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮಿನಲ್ಲಿ 391ರ ಗೆರೆ, ಅದನ್ನು ಒಡೆದಾಗ 149 ಕಂಡರೆ ಸಂಭ್ರಮ ಬೇಡ. ಅದು ಕೊಳವೆಯಿಂದಲೋ ಮುಚ್ಚಳದಿಂದಲೋ ದ್ರಾವಕಕ್ಕೆ ಇಳಿದ ಥ್ಯಾಲೇಟ್, ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸುವ ರಾಸಾಯನಿಕ. ಇದನ್ನೇ ಗಿಡದ ಸಂಯುಕ್ತವೆಂದು ಬರೆದ ಪ್ರಬಂಧಗಳು ಇವೆ. ಗಿಡ ಹಾಕದೆ ಬರೀ ದ್ರಾವಕವನ್ನು ಇದೇ ಹಂತಗಳಲ್ಲಿ ಹಾಯಿಸಿಟ್ಟುಕೊಂಡರೆ ಹೋಲಿಸಿ ನೋಡಬಹುದು.

ಸಮುದ್ರದ ಜೀವಿಗಳಲ್ಲಿ ತೊಂದರೆ ಬೇರೆ ಬಗೆಯದು. ಸ್ಪಂಜನ್ನು ನೀರಿಂದ ತೆಗೆದ ಕೂಡಲೇ ಮಂಜುಗಟ್ಟಿಸಿ, ಮೈನಸ್ 20 ಡಿಗ್ರಿಯಲ್ಲೋ ಅದಕ್ಕಿಂತ ಕೆಳಗೋ ಇಡಬೇಕು; ತಡವಾದರೆ ಅದರದೇ ಕಿಣ್ವಗಳು ಸಂಯುಕ್ತಗಳನ್ನು ಬದಲಿಸಿಬಿಡುತ್ತವೆ. ಮೆಥನಾಲಿನ ಜೊತೆ ಉಪ್ಪೂ ಬರುತ್ತದೆ, ಆ ಉಪ್ಪೇ ಕೋಶಗಳನ್ನು ಕೊಂದು ಔಷಧದ ವೇಷ ಹಾಕುತ್ತದೆ. ಎಚ್‌ಪಿ-20 ರಾಳದ ಕಾಲಮ್ಮಿಗೆ ಹಾಕಿ, ಮೊದಲು ಬರೀ ನೀರಿನಿಂದ ತೊಳೆದು, ಆಮೇಲೆ ಮೆಥನಾಲಿನಿಂದ ಇಳಿಸಿದರೆ ಉಪ್ಪು ಹೋಗುತ್ತದೆ.

ಆದರೆ ದೊಡ್ಡ ಗೋಡೆ ಪ್ರಮಾಣದ್ದು. ಎಕ್ಟಿನಾಸಿಡಿಯಾ ಟರ್ಬಿನೇಟಾ ಎಂಬ ಸಮುದ್ರಜೀವಿಯಿಂದ ಒಂದು ಗ್ರಾಂ ಟ್ರಾಬೆಕ್ಟೆಡಿನ್ ಎಂಬ ಕ್ಯಾನ್ಸರ್ ಔಷಧ ತೆಗೆಯಲು ಸುಮಾರು ಒಂದು ಟನ್ ಜೀವಿ ಬೇಕಿತ್ತು. ಸೂಡೊಮೊನಾಸ್ ಬ್ಯಾಕ್ಟೀರಿಯಾ ಬೆಳೆಸಿ ಪಡೆಯುವ ಸಯನೊಸಫ್ರಾಸಿನ್ ಬಿ ಎಂಬ ಸಂಯುಕ್ತದಿಂದ ಅದನ್ನು ಕಟ್ಟುವ ದಾರಿ ಸಿಕ್ಕ ಮೇಲೆಯೇ ಔಷಧ ಸಾಧ್ಯವಾಯಿತು. ಯುರೋಪಿನಲ್ಲಿ 2007ರಲ್ಲಿ ಅನುಮತಿ ಬಂತು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಕ್ಕೂ ಹೀಗೇ ಆಯಿತು: ಪೆಸಿಫಿಕ್ ಯೂ ಮರದ ತೊಗಟೆ ಸುಲಿದರೆ ಮರವೇ ಸಾಯುತ್ತಿತ್ತು, ಯುರೋಪಿನ ಯೂ ಎಲೆಯಲ್ಲಿ ಸಿಗುವ ಪೂರ್ವಸಂಯುಕ್ತ ಆ ಮರಗಳನ್ನು ಉಳಿಸಿತು. ಎರಿಬುಲಿನ್ ಎಂಬ ಕ್ಯಾನ್ಸರ್ ಔಷಧ ಇನ್ನೂ ಜಾಣತನದ್ದು, ಸ್ಪಂಜಿನ ಹ್ಯಾಲಿಕಾಂಡ್ರಿನ್ ಬಿ ಎಂಬ ದೈತ್ಯ ಅಣುವಿನಲ್ಲಿ ಕೆಲಸಕ್ಕೆ ಬೇಕಾದ ಭಾಗವನ್ನಷ್ಟೇ ಇಟ್ಟುಕೊಂಡು ಪ್ರಯೋಗಾಲಯದಲ್ಲಿ ಕಟ್ಟಿದ್ದು.

ಅಣು ಕೈಗೆ ಬಂದ ಮೇಲೂ ಅದು ದೇಹಕ್ಕೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಉಳಿದಿರುತ್ತದೆ. ನಿತ್ಯಪುಷ್ಪದಿಂದ ಬಂದ ಕ್ಯಾನ್ಸರ್ ಔಷಧ ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಮಾತ್ರ; ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಕೋನಸ್ ಶಂಖದ ವಿಷದಿಂದ ಬಂದ, 25 ಅಮೈನೊ ಆಮ್ಲಗಳ ಜಿಕೊನೊಟೈಡ್ ನೋವಿಗೆ ಕೊಡುವುದು ಬೆನ್ನುಹುರಿಯ ದ್ರವಕ್ಕೇ. ರಕ್ತಕ್ಕೆ ಕೊಟ್ಟರೆ ರಕ್ತದೊತ್ತಡ ಕುಸಿಯುತ್ತದೆ. ಇವೆರಡರಲ್ಲಿ ಯಾವುದನ್ನು ನುಂಗಿದರೂ ಉಪಯೋಗವಿಲ್ಲ. ನಿತ್ಯಪುಷ್ಪದ ಎಲೆ ಕುದಿಸಿ ಕುಡಿದವರಿಗೆ ಸಿಗುವುದು ವಿನ್‌ಕ್ರಿಸ್ಟಿನ್‌ನಂಥ ಆಲ್ಕಲಾಯ್ಡುಗಳ ಅಳತೆಯಿಲ್ಲದ ಬೆರಕೆಯೇ ಹೊರತು ಕ್ಯಾನ್ಸರಿಗೆ ಬೇಕಾದ ಡೋಸ್ ಅಲ್ಲ.