ಹುಟ್ಟುವಾಗಲೇ ಬಂದ ಹೆಚ್ಚಿನ ಪಕ್ಕೆಲುಬು

ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದರೆ ಸಾಕು, ಬಲಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದವು. ತಲೆ ಬಾಚುವಾಗಲೂ ಅಷ್ಟೇ. ಒಬ್ಬ ಡಾಕ್ಟರು ಕತ್ತಿನ ಸವೆತ ಅಂದು ಕಾಲರ್ ಕೊಟ್ಟರು. ಇನ್ನೊಬ್ಬರು ಮಣಿಕಟ್ಟಿನಲ್ಲಿ ನರ ಒತ್ತಿದೆ ಅಂದರು. ಮಣಿಕಟ್ಟಿನ ತೊಂದರೆಯಾದರೆ ಜೋಮು ಹೆಬ್ಬೆರಳಿನ ಕಡೆ ಇರುತ್ತದೆ, ನನ್ನದು ಈ ಕಡೆ. ಅದನ್ನು ಯಾರೂ ಕೇಳಲೇ ಇಲ್ಲ.

ಕೊನೆಗೆ ಸಿಕ್ಕ ನರರೋಗ ತಜ್ಞೆ ಸ್ಕ್ಯಾನ್ ಫೈಲನ್ನು ಪಕ್ಕಕ್ಕಿಟ್ಟರು. "ಮೇಷ್ಟ್ರೇ, ಎರಡೂ ಕೈ ಮೇಲೆತ್ತಿ, ಮೊಣಕೈ ಮಡಚಿ. ಮೂರು ನಿಮಿಷ ಮುಷ್ಟಿ ಬಿಗಿದು ಬಿಡ್ತಾ ಇರಿ." ಅರ್ಧದಲ್ಲೇ ಬಲಗೈ ತಾನಾಗಿ ಕೆಳಗಿಳಿಯಿತು. ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್, ಅಂದರೆ ಕತ್ತಿನಿಂದ ಕೈಗೆ ಇಳಿಯುವ ದಾರಿಯಲ್ಲಿ ನರ ಒತ್ತಿಹೋಗುವ ತೊಂದರೆ. ಕತ್ತಿನ ಏಳನೇ ಮೂಳೆಯಿಂದ ನನಗೊಂದು ಹೆಚ್ಚಿನ ಪಕ್ಕೆಲುಬು ಹೊರಟಿತ್ತು. ಕೈಗೆ ಹೋಗುವ ನರಗಳು ಅದರ ಮೇಲೆ ಹಾದು ಬಿಗಿಯುತ್ತಿದ್ದವು. ಹಳೆಯ ಎಕ್ಸ್-ರೇಯಲ್ಲೂ ಅದು ಕಾಣುತ್ತಿತ್ತು! ಎಕ್ಸ್-ರೇ ಇನ್ನೂ ಬಂದಿರದ 1861ರಲ್ಲೇ ಲಂಡನ್ನಿನ ಸರ್ಜನ್ ಹೋಮ್ಸ್ ಕೂಟ್ ಇಂಥ ಮೂಳೆಗೆ ಆಪರೇಷನ್ ಮಾಡಿದ್ದರು ಅಂತ ಆಮೇಲೆ ಓದಿದೆ. ನಗಬೇಕೋ ಸಿಟ್ಟಾಗಬೇಕೋ ಗೊತ್ತಾಗಲಿಲ್ಲ.

ಇಂಥ ಎಲುಬಿದ್ದವರಲ್ಲಿ ಜಾಸ್ತಿ ಜನರಿಗೆ ಏನೂ ಆಗುವುದಿಲ್ಲ. ತೊಂದರೆಯಾದರೂ ಮೊದಲು ಫಿಸಿಯೋಥೆರಪಿ. ನಾನೂ ಮಾಡಿದೆ. ಆದರೆ ಹೆಬ್ಬೆರಳಿನ ಬುಡದ ಮಾಂಸ ಕರಗತೊಡಗಿತ್ತು. ಇನ್ನು ಕಾಯುವುದು ಬೇಡ ಅಂದರು.

ಆಪರೇಷನ್ ದಿನ ಬೆಳಿಗ್ಗೆ ಸಹಿಗೆ ಬಂದ ಸರ್ಜನ್ ಯಾವುದನ್ನೂ ಮುಚ್ಚಿಡಲಿಲ್ಲ. ಕೊರಳೆಲುಬಿನ ಮೇಲೆ ಕೊಯ್ದು ಹೆಚ್ಚಿನ ಎಲುಬು, ಮೊದಲನೇ ಪಕ್ಕೆಲುಬು ಎರಡನ್ನೂ ತೆಗೆಯುತ್ತಾರೆ. ಅಡ್ಡ ಬರುವ ಸ್ನಾಯುವನ್ನೂ ಕತ್ತರಿಸುತ್ತಾರೆ. ಆ ಸ್ನಾಯುವಿಗೆ ಅಂಟಿಕೊಂಡೇ ಉಸಿರಾಟದ ನರ ಇಳಿಯುತ್ತದೆ. ಕೆಳಗೇ ಶ್ವಾಸಕೋಶದ ತುದಿ. ರಕ್ತನಾಳಗಳೂ ಅಲ್ಲೇ. ಅಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು!

ತಂಗಿ ಕೇಳಿಯೇಬಿಟ್ಟಳು, "ಪಕ್ಕೆಲುಬು ತೆಗೆದ್ಮೇಲೆ ಅಣ್ಣಂಗೆ ಕೈ ಎತ್ತೋಕಾಗುತ್ತಾ ಡಾಕ್ಟ್ರೇ?"

"ಎತ್ತಲಿ ಅಂತಾನೇ ತೆಗೀತಿರೋದು ಕಣಮ್ಮ."

ಆಮೇಲೆ ನನ್ನ ಕಡೆ ತಿರುಗಿ, "ಜೋಮು ಕಡಿಮೆಯಾಗಬಹುದು. ಕರಗಿದ ಮಾಂಸ ಮರಳುತ್ತೆ ಅಂತ ಮಾತ್ರ ಹೇಳಲಾರೆ" ಅಂದರು. ಆ ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ. ಸುಳ್ಳು ಧೈರ್ಯ ಕೊಟ್ಟಿದ್ದರೆ ಮುಂದಿನ ತಿಂಗಳುಗಳು ಇನ್ನೂ ಕಷ್ಟವಾಗುತ್ತಿದ್ದವು.

ಎಚ್ಚರವಾದಾಗ ನೋವಿಗಿಂತ ಉಸಿರಿನದೇ ಚಿಂತೆ. ಎದೆಯ ಎಕ್ಸ್-ರೇ ತೆಗೆದರು, ಗಾಳಿ ಸೋರಿರಲಿಲ್ಲ. ನರ್ಸಮ್ಮ ಮೂರು ಚೆಂಡಿನ ಉಸಿರಾಟದ ಡಬ್ಬಿ ಕೈಗಿಟ್ಟು, "ಎಳೀರಿ" ಅಂದರು. ಮೂರನೇ ಚೆಂಡು ಆ ದಿನ ಅಲ್ಲಾಡಲೇ ಇಲ್ಲ.

ಈಗ ಜೋಮು ಬಹುಪಾಲು ಹೋಗಿದೆ. ಶರ್ಟಿನ ಗುಂಡಿಗೆ ಎಡಗೈಯೇ ಆಗಬೇಕು. ಬಲ ಭುಜಕ್ಕೆ ಚೀಲ ಹಾಕಲು ಫಿಸಿಯೋಥೆರಪಿಯವರು ಇನ್ನೂ ಬಿಡುತ್ತಿಲ್ಲ.